ರವೆ ಹಚ್ಚಿದ ರವಿಯೋಲಿ

ಊಟಕ್ಕೆ ಮೊದಲು ಇನ್ನೊಂದು ಊಟ ಮಾಡುವ ಅಭ್ಯಾಸವನ್ನು ಯಾರು ಶುರುಮಾಡಿದರೋ ನನಗೆ ಗೊತ್ತಿಲ್ಲ. ಅವರಿಗೆ ಮನೆಯಲ್ಲಿ ಬೇರೆ ಕೆಲಸ ಇರಲಿಲ್ಲ ಎಂಬುದು ಮಾತ್ರ ಖಂಡಿತ. ನಮ್ಮ ಕಾಲದಲ್ಲಿ ನೆಂಟರು ಬಂದರೆ ಬೆಲ್ಲ ನೀರು ಕೊಡುತ್ತಿದ್ದೆವು, ಆಮೇಲೆ ಎಲೆ ಹಾಕುತ್ತಿದ್ದೆವು. ನಡುವೆ ಏನಾದರೂ ಇದ್ದರೆ ಅದು ಹಸಿವೆ. ಹಸಿವೆ ಇದ್ದುದರಿಂದಲೇ ನಾವು ಮಾಡಿದ ಸಾರು ರುಚಿಯಾಗುತ್ತಿತ್ತು. ಈಗ ಮದುವೆ ಹಾಲಿಗೆ ಕಾಲಿಟ್ಟ ಕೂಡಲೇ ಕೋಟು ಹಾಕಿದವರು ಯಾರೋ ತಟ್ಟೆ ಹಿಡಿದುಕೊಂಡು ಎದುರು ನಿಲ್ಲುತ್ತಾರೆ. ಕಡ್ಡಿ ಚುಚ್ಚಿದ ಒಂದು ತುಂಡು ತೆಗೆದುಕೊಳ್ಳಬೇಕು, ಕಾಗದದಲ್ಲಿ ಬೆರಳು ಒರೆಸಬೇಕು, ಆ ಕಡ್ಡಿಯನ್ನು ಎಲ್ಲಿ ಬಿಸಾಡುವುದೆಂದು ತಿಳಿಯದೆ ಊಟದವರೆಗೂ ಕೈಯಲ್ಲೇ ಹಿಡಿದುಕೊಂಡಿರಬೇಕು. ಪಡುಬಿದ್ರಿಯ ಒಂದು ಮದುವೆಯಲ್ಲಿ ನಾನು ಅಂಥ ಐದು ಕಡ್ಡಿಗಳನ್ನು ತುರುಬಿಗೆ ಸಿಕ್ಕಿಸಿಕೊಂಡೇ ವೇದಿಕೆ ಹತ್ತಿ ಮದುಮಗಳಿಗೆ ಅಕ್ಷತೆ ಹಾಕಿ ಬಂದಿದ್ದೇನೆ. ಫೋಟೋದಲ್ಲಿ ಮದುಮಗಳಿಗಿಂತ ನನ್ನ ತುರುಬೇ ಚಂದ ಕಾಣುತ್ತದೆ.

ಇದಕ್ಕೆ ಸ್ಟಾರ್ಟರ್ ಎಂದು ಹೆಸರು. ಹೇಳಿಕೊಟ್ಟವಳು ನನ್ನ ಮೊಮ್ಮಗಳು ದೀಕ್ಷಾ. ಅವಳು ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವಳು. ಮೂರು ವರ್ಷ ಓದಿ ಮನೆಗೆ ಬಂದು ಈರುಳ್ಳಿಯನ್ನು ನಮಗಿಂತ ನಿಧಾನವಾಗಿ, ನಮಗಿಂತ ಸಣ್ಣದಾಗಿ ಹೆಚ್ಚುತ್ತಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಕಾಪುವಿನಿಂದ ಬಸ್ಸು ಹಿಡಿದು ಕಾರ್ಕಳದ ಬೀದಿಗಳಲ್ಲಿ ಮೂವತ್ತು ವರ್ಷ ಮೀನು ಮಾರಿದೆ. ಬಸ್ಸಿನಲ್ಲಿ ಬುಟ್ಟಿ ಹಿಂದಿನ ಬಾಗಿಲ ಹತ್ತಿರ, ನಾನು ಬುಟ್ಟಿಯ ಹತ್ತಿರ. ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತಿತ್ತು. ಬಸ್ಸಿನಲ್ಲಿ ಕಾಲು ಚಾಚಿ ಕೂರುವ ಸುಖ ಏನೆಂದು ಡಾಕ್ಟರರಿಗೂ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತು. ಮಂಡಿ ನೋವು ಬಂದ ಮೇಲೆ ಬುಟ್ಟಿ ಇಳಿಸಿದೆ. ಈಗ ಮನೆಯಲ್ಲಿ ಮಗ ಹರೀಶ, ಸೊಸೆ ಸುಜಾತ, ದೀಕ್ಷಾ, ನಾನು ಮತ್ತು ಆರು ಕೋಳಿಗಳು. ಕೋಳಿಗಳನ್ನು ಸುಮ್ಮನೆ ಲೆಕ್ಕಕ್ಕೆ ಸೇರಿಸಿದ್ದಲ್ಲ, ಅವು ಮಾಡಿದ ಉಪದ್ರ ಆಮೇಲೆ ಬರುತ್ತದೆ.

ದೀಕ್ಷಾಳಿಗೆ ಕೆಲಸದ ಕರೆ ಬಂದಿತ್ತು. ನಂದಿಕೂರಿನ ಕಡೆ ಒಂದು ದೊಡ್ಡ ಕ್ಯಾಂಟೀನಿನಲ್ಲಿ ಸೂಪರ್‌ವೈಸರು. ಬೆಳಿಗ್ಗೆ ಆರಕ್ಕೆ ವ್ಯಾನು, ಸಂಜೆ ಏಳಕ್ಕೆ ಮನೆ. ಇವಳಿಗೆ ಅದು ಬೇಡ. ಮನೆಯಲ್ಲೇ ಅಡುಗೆ ಮಾಡಿ ಪಾರ್ಟಿಗಳಿಗೆ ಕೊಡಬೇಕು, ತನ್ನದೇ ಹೆಸರಿನಲ್ಲಿ. ಹರೀಶ ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವನು. ಇಂಜಿನ್ ಸ್ಟಾರ್ಟ್ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ, ನಡುವಿನ ಮಾತು ಅವನಿಗೆ ಗೊತ್ತಿಲ್ಲ. ಅವನು ಹೇಳಿದ್ದು ಇಷ್ಟೆ: "ಒಂದು ಪಾರ್ಟಿ ಮಾಡಿ ತೋರ್ಸು. ಭಾನುವಾರ ಸರಿ ಆದ್ರೆ ಮುಂದೆ ಮಾಡು. ಆಗ್ಲಿಲ್ವಾ, ಸೋಮವಾರ ಬೆಳಿಗ್ಗೆ ನಂದಿಕೂರಿಗೆ ಫೋನ್ ಮಾಡಿ ಬರ್ತೇನೆ ಅಂತ ಹೇಳು." ಆ ಭಾನುವಾರದ ಪಾರ್ಟಿ ಮಣಿಪಾಲದ ಒಂದು ಫ್ಲಾಟಿನಲ್ಲಿ. ಅಲ್ಲಿರುವ ಅಪರ್ಣಾ ಮೇಡಂ ಕಾಲೇಜಿನಲ್ಲಿ ಪಾಠ ಮಾಡುವವರು. ಅವರ ಮಗಳ ಹುಟ್ಟುಹಬ್ಬ. ಆ ಕಟ್ಟಡದಲ್ಲಿ ಅಂಥ ನಲವತ್ತು ಮನೆ ಉಂಟಂತೆ, ವಾರಕ್ಕೊಂದು ಮನೆಯಲ್ಲಿ ಒಬ್ಬರಲ್ಲ ಒಬ್ಬರು ಹುಟ್ಟಿಯೇ ಇರುತ್ತಾರೆ. ಒಂದು ಮನೆಯಲ್ಲಿ ಬಾಯಿಗೆ ರುಚಿ ಹತ್ತಿತೋ, ಉಳಿದ ಮೂವತ್ತೊಂಬತ್ತೂ ತಾನಾಗಿ ಬರುತ್ತವೆ. ನನಗೂ ಹುಡುಗಿ ಗೆಲ್ಲಬೇಕೆಂದಿತ್ತು. ಪ್ರೀತಿ ಗೀತಿ ಎಂದು ತಿಳಿದುಕೊಳ್ಳಬೇಡಿ. ಅವಳು ಆರಕ್ಕೆ ವ್ಯಾನು ಹತ್ತಬೇಕಾದರೆ ಐದಕ್ಕೆ ತಿಂಡಿ ಆಗಬೇಕು, ಐದಕ್ಕೆ ತಿಂಡಿ ಆಗಬೇಕಾದರೆ ನಾಲ್ಕಕ್ಕೆ ಏಳುವವರು ನಮ್ಮ ಮನೆಯಲ್ಲಿ ಯಾರು ಎಂದು ನನಗೆ ಗೊತ್ತಿತ್ತು.

ಪಾರ್ಟಿಗೆ ಅವಳು ಒಪ್ಪಿಕೊಂಡದ್ದು ರವಿಯೋಲಿ. ಹೆಸರು ಹೇಳಲು ನನಗೆ ಒಂದೇ ಸಲಕ್ಕೆ ಬಂತು, ಅದರಲ್ಲಿ ಕಷ್ಟವೇನೂ ಇಲ್ಲ. ಕಷ್ಟವೆಲ್ಲ ಮಾಡುವುದರಲ್ಲಿ. ಮೈದಾ ಹಿಟ್ಟನ್ನು ಗಟ್ಟಿಯಾಗಿ ನಾದಿ, ಎದುರಿನ ಮನೆ ಕಾಣುವಷ್ಟು ತೆಳ್ಳಗೆ ಲಟ್ಟಿಸಬೇಕು. ಅದರ ಮೇಲೆ ಪಾಲಕ್ ಸೊಪ್ಪು, ಪನೀರು, ಚೀಸು ಕಲಸಿದ ಹೂರಣ ಇಟ್ಟು ಇನ್ನೊಂದು ಹಾಳೆ ಮುಚ್ಚಿ ಚೌಕ ಚೌಕ ಕತ್ತರಿಸಬೇಕು. ಮತ್ತೆ ಉಪ್ಪು ನೀರಿನಲ್ಲಿ ಬೇಯಿಸಬೇಕು. ಬೇಯಿಸಿದ್ದನ್ನು ಆರಿಸಬೇಕು. ಆರಿಸಿದ್ದನ್ನು ತೆಳು ಹಿಟ್ಟಿನಲ್ಲಿ ಅದ್ದಬೇಕು, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಬೇಕು, ಆಮೇಲೆ ಎಣ್ಣೆಯಲ್ಲಿ ಕರಿಯಬೇಕು. ಬಾಣಂತಿಗೂ ಇಷ್ಟು ಉಪಚಾರ ಮಾಡುವುದಿಲ್ಲ. "ಅಲ್ಲ ಮಗಾ, ಬೇಯಿಸಿದ್ಮೇಲೆ ತಿಂದ್ರೆ ಎಂತ? ಮತ್ತೆ ಯಾಕೆ ಕರಿಯುವುದು?" ಎಂದು ಕೇಳಿದೆ. "ಅಜ್ಜಿ, ಹಾಗೆ ತಿಂದ್ರೆ ಅದು ಊಟ ಆಗ್ತದೆ. ಕರಿದ್ರೆ ಸ್ಟಾರ್ಟರ್" ಎಂದಳು. ಮೂರು ವರ್ಷ ಇದನ್ನು ಕಲಿಸಿದ್ದಾರೆ ಎಂದರೆ ಅಲ್ಲಿಯವರಿಗೂ ನಮ್ಮ ಹಾಗೆಯೇ ಹೊತ್ತು ಹೋಗುವುದಿಲ್ಲ ಎಂದುಕೊಂಡೆ.

ಗುರುವಾರ ಒಂದು ಪರೀಕ್ಷೆ ನಡೆಯಿತು. ದೀಕ್ಷಾ ಆದಿ ಉಡುಪಿಯಿಂದ ಕಟ್ಟುಗಟ್ಟಲೆ ಪಾಲಕ್ ತಂದಿದ್ದಳು, ಹೊಸ ಬಾಣಲೆ ತಂದಿದ್ದಳು, ಫೋನನ್ನು ಮಸಾಲೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ್ದಳು. ಫೋನಿನಲ್ಲಿ ಒಬ್ಬಾಕೆ ಬಿಳಿ ಅಂಗಿಯಲ್ಲಿ ಒಂದು ಕಲೆಯೂ ಆಗದಂತೆ ಎಲ್ಲ ಮಾಡಿ ನಗುತ್ತಿದ್ದಳು. ಅಡುಗೆ ಮಾಡುತ್ತಾ ನಗುವವರನ್ನು ನಾನು ನಂಬುವುದಿಲ್ಲ. ನಮ್ಮ ರವಿಯೋಲಿ ಎಣ್ಣೆಗೆ ಬಿದ್ದದ್ದೇ ತಡ, ಒಂದೊಂದಾಗಿ ಬಾಯಿ ಬಿಟ್ಟವು. ಚೀಸು ಹೊರಗೆ ಬಂದು ಬಾಣಲೆಯ ತಳಕ್ಕೆ ಹಿಡಿಯಿತು, ಸೊಪ್ಪಿನ ನೀರು ಎಣ್ಣೆಗೆ ಸೇರಿ ಪಟಪಟ ಸಿಡಿಯಿತು. ಸುಜಾತ ಬಾಗಿಲ ಹಿಂದೆ ನಿಂತು, "ಅತ್ತೆ, ಗ್ಯಾಸ್ ಬಂದ್ ಮಾಡಿ, ಅತ್ತೆ!" ಎಂದು ಬೊಬ್ಬೆ ಹೊಡೆದಳು. ದೀಕ್ಷಾ ಅಳುವುದೊಂದು ಬಾಕಿ.

ಆಗ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು ಎಂದು ಈಗ ಅನಿಸುತ್ತದೆ, ಆದರೆ ಮುಂದೆ ಆದದ್ದನ್ನು ನೋಡಿದರೆ ಹಾಕಿದ್ದೇ ಸರಿ ಎಂದೂ ಅನಿಸುತ್ತದೆ. ಸೊಪ್ಪನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ, ಬಟ್ಟೆ ಹಿಂಡಿದ ಹಾಗೆ ಹಿಂಡಿದೆ. ಅರ್ಧ ಲೋಟ ಹಸಿರು ನೀರು ಬಂತು. "ನೋಡು, ಇಷ್ಟು ನೀರು ಒಳಗಿಟ್ಕೊಂಡು ಎಣ್ಣೆಗೆ ಹಾರಿದ್ರೆ ಮನುಷ್ಯರೂ ಹೊಟ್ಟೆ ಒಡೀತಾರೆ" ಎಂದೆ. ಚೌಕ ಬೇಡ ಎಂದೆ. ಚೌಕಕ್ಕೆ ನಾಲ್ಕು ಬದಿ, ನಾಲ್ಕು ಕಡೆಯಿಂದಲೂ ಸೋರಬಹುದು. ಲೋಟದಲ್ಲಿ ಗುಂಡಗೆ ಕತ್ತರಿಸಿ, ಕರಿಗಡುಬಿನ ಹಾಗೆ ಅರ್ಧಕ್ಕೆ ಮಡಚಿ ಅಂಚು ಒತ್ತಿದೆ. ಒಂದು ತುದಿಯಲ್ಲಿ ಹಿಟ್ಟನ್ನು ಸ್ವಲ್ಪ ಎಳೆದು ಚಿವುಟಿ ಬಿಟ್ಟೆ. ಹಾಗೆ ಮಾಡಿದರೆ ಕರಿಯುವಾಗ ಹಿಡಿದು ತಿರುಗಿಸಲು ಸುಲಭ. ಬಾಣಲೆಗೆ ಹಾಕಿದೆವು. ಒಂದೂ ಒಡೆಯಲಿಲ್ಲ. ದೀಕ್ಷಾ ಒಂದು ತಿಂದು ನನ್ನನ್ನು ತಬ್ಬಿಕೊಳ್ಳಲು ಬಂದಳು. ಕೈಯಲ್ಲಿ ಹಿಟ್ಟಿದೆ ಎಂದು ತಪ್ಪಿಸಿಕೊಂಡೆ. ನಾನೂ ಒಂದು ತಿಂದೆ. ರುಚಿಯ ವಿಷಯ ಕೇಳಬೇಡಿ. ಮುಳ್ಳಿಲ್ಲ, ಹುಳಿಯಿಲ್ಲ, ಖಾರವಿಲ್ಲ, ಬಾಯಲ್ಲಿ ಏನೋ ಒಂದು ಹೋಯಿತು ಎಂದು ಗೊತ್ತಾಯಿತು, ಅಷ್ಟೆ.

ಭಾನುವಾರ ಬೆಳಿಗ್ಗೆ ನೂರಾ ಇಪ್ಪತ್ತು ರವಿಯೋಲಿ ತಯಾರಾದವು. ಬೇಯಿಸಿ, ಬಿದಿರಿನ ಗೆರಸೆಯಲ್ಲಿ ಹರಡಿ, ಬಟ್ಟೆ ಮುಚ್ಚಿ ಇಟ್ಟೆವು. ಹುಟ್ಟುಹಬ್ಬದ ಮನೆಯವರು ಮೀನು, ಮೊಟ್ಟೆ ಮುಟ್ಟದವರು ಎಂದು ದೀಕ್ಷಾ ಆ ದಿನ ನಮ್ಮ ಮನೆಗೂ ಮೀನು ತರಿಸಿರಲಿಲ್ಲ. ಹರೀಶ ಸೌತೆಕಾಯಿ ಹುಳಿಯಲ್ಲಿ ಊಟ ಮಾಡಿ, ಜ್ವರ ಬಂದವನ ಹಾಗೆ ಚಾಪೆಯಲ್ಲಿ ಬಿದ್ದುಕೊಂಡಿದ್ದ. ಉಳಿದದ್ದು ಒಂದೇ ಕೆಲಸ: ಹಿಟ್ಟಿನಲ್ಲಿ ಅದ್ದಿ ಬ್ರೆಡ್ ಪುಡಿ ಹಚ್ಚುವುದು. ಕರಿಯುವುದು ಮಣಿಪಾಲದಲ್ಲಿ, ಅವರದೇ ಎಣ್ಣೆ, ಅವರದೇ ಬಾಣಲೆಯಲ್ಲಿ ಎಂದು ಮಾತಾಗಿತ್ತು. ದೀಕ್ಷಾ ಸ್ನಾನಕ್ಕೆ ಹೋಗುತ್ತಾ, "ಅಜ್ಜಿ, ಜಗಲಿಯಲ್ಲಿ ಪೇಪರ್ ಮೇಲೆ ಬ್ರೆಡ್ ಪುಡಿ ಒಣಗಿಸಿದ್ದೇನೆ, ತಂದಿಡಿ ಆಯ್ತಾ" ಎಂದು ಕೂಗಿ ಹೇಳಿದಳು.

ನಾನು ಬಾಗಿಲಲ್ಲೇ ನಿಂತೆ. ಏಕೆಂದರೆ ಆ ಪುಡಿ ಜಗಲಿಯಲ್ಲಿ ಇರಲಿಲ್ಲ. ಬೆಳಿಗ್ಗೆ ಜಗಲಿ ಗುಡಿಸಲು ಹೋದಾಗ ಪೇಪರಿನ ಮೇಲೆ ಒಣಗಿದ ಬ್ರೆಡ್ಡಿನ ಪುಡಿ ಕಂಡಿತ್ತು. ನಿನ್ನೆ ಮೊನ್ನೆಯ ಹಳಸಲು ಬ್ರೆಡ್ಡು, ಯಾರೋ ಕೋಳಿಗೆಂದೇ ಪುಡಿ ಮಾಡಿ ಹಾಕಲು ಮರೆತಿದ್ದಾರೆ ಎಂದು ತಿಳಿದು, ನಾನೇ ಎರಡೂ ಕೈಯಲ್ಲಿ ಬಾಚಿ ಅಂಗಳಕ್ಕೆ ಎರಚಿದ್ದೆ. ಕೋಳಿಗಳು ಆ ದಿನ ಹುಟ್ಟುಹಬ್ಬ ತಮ್ಮದೇ ಎಂಬಂತೆ ತಿಂದಿದ್ದವು. ಒಳ್ಳೆಯದನ್ನು ಹಳಸಿದ್ದೆಂದು ಕೋಳಿಗೆ ಹಾಕುವುದು ಮುದುಕಿಯರ ರೋಗ. ಪುಣ್ಯಕ್ಕೆ ರವಿಯೋಲಿಯನ್ನು ಹಾಕಿರಲಿಲ್ಲ.

ಹುಡುಗಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಸರಿಮಾಡಬೇಕು ಎಂದು ಡಬ್ಬಗಳನ್ನು ತಡಕಿದೆ. ರವೆ ಸಿಕ್ಕಿತು. ರವೆಯನ್ನು ಹರಿವಾಣಕ್ಕೆ ಸುರಿದ ಮೇಲೆ ಏನಾಯಿತು ಎಂದು ನಾನು ನಿಜವಾಗಿ ಹೇಳಲಾರೆ. ಈ ಕೈಗಳು ಐವತ್ತು ವರ್ಷದಿಂದ ರವೆಯನ್ನು ಹರಿವಾಣಕ್ಕೆ ಸುರಿದದ್ದು ಮೀನಿಗೆ ಹಚ್ಚಲು ಮಾತ್ರ. ರವೆ ಬಿದ್ದ ಕೂಡಲೇ ಬಲಗೈ ಮೆಣಸಿನ ಪುಡಿಗೆ ಹೋಯಿತು, ಎಡಗೈ ಅರಸಿನಕ್ಕೆ ಹೋಯಿತು. ಉಪ್ಪು ಬಿತ್ತು. ಅದ್ದುವ ಹಿಟ್ಟಿಗೆ ಒಂದು ಚೂರು ಹುಣಸೆ ಹುಳಿಯೂ ಬಿತ್ತು. ನಾನು ಎಚ್ಚರವಾಗಿ ನೋಡುವಾಗ ನೂರಾ ಇಪ್ಪತ್ತೂ ಕೆಂಪಗೆ ರವೆ ಮೆತ್ತಿಕೊಂಡು ಸಾಲಾಗಿ ಮಲಗಿದ್ದವು. ಚಂದ ಕಂಡಿತು. ನನಗೆ ಚಂದ ಕಂಡದ್ದು ಯಾಕೆ ಎಂದು ಆಗಲೇ ಯೋಚಿಸಬೇಕಿತ್ತು.

ದೀಕ್ಷಾ ತಲೆ ಒರೆಸುತ್ತಾ ಬಂದು ನೋಡಿ ಅಲ್ಲೇ ಕುಕ್ಕರಿಸಿದಳು. "ಅಜ್ಜೀ, ಎಂತ ಮಾಡಿದ್ರಿ ನೀವು! ಬ್ರೆಡ್ ಪುಡಿ ಎಲ್ಲಿ?"

"ಕೋಳಿ ಹೊಟ್ಟೆಯಲ್ಲಿ. ಬೇಕಾದ್ರೆ ಕೋಳಿಯನ್ನು ಬೈ, ನನ್ನನ್ನೂ ಬೈ, ಆದ್ರೆ ದಾರಿಯಲ್ಲಿ ಬೈ. ಗಂಟೆ ಮೂರಾಯ್ತು" ಎಂದೆ.

ಬೈಯಲು ಅವಳಿಗೆ ಪುರುಸೊತ್ತೂ ಇರಲಿಲ್ಲ. ರಿಕ್ಷಾದಲ್ಲಿ ಮಣಿಪಾಲದವರೆಗೂ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಹೊರಗೇ ನೋಡುತ್ತಾ ಕುಳಿತಿದ್ದಳು. ನಾನು ಬರುವುದು ಬೇಡ ಎಂದಿದ್ದಳು. ತಪ್ಪು ಮಾಡಿದವಳು ಜೊತೆಗಿರಬೇಕು ಎಂದು ನಾನೇ ಹತ್ತಿದ್ದೆ.

ಅಪರ್ಣಾ ಮೇಡಂ ಪಾಪದವರು, ಜೋರಿಲ್ಲದವರು. ಅಡುಗೆ ಮನೆ ತೋರಿಸಿ, "ನಿಮಗೆ ಎಂತ ಬೇಕಾದ್ರೂ ಯಲ್ಲವ್ವನ ಹತ್ರ ಕೇಳಿ" ಎಂದು ಹೇಳಿ ಬಲೂನು ಊದಲು ಹೋದರು. ಯಲ್ಲವ್ವ ಬಾಗಲಕೋಟೆ ಕಡೆಯವಳು, ಆ ಮನೆಯಲ್ಲಿ ಕೆಲಸಕ್ಕೆ ಇದ್ದವಳು. ಅವಳು ಬಾಣಲೆ ತೆಗೆದುಕೊಟ್ಟು ಬಾಲ್ಕನಿಯಲ್ಲಿ ಬಟ್ಟೆ ತೆಗೆಯಲು ಹೋದಳು. ನಾನು ಕರಿದೆ. ಆ ಮಟ್ಟಿಗೆ ನನ್ನ ಕೈಯನ್ನು ಯಾರೂ ದೂರುವ ಹಾಗಿಲ್ಲ. ಹೊರಗೆ ಗರಿಗರಿ, ಹೊಂಗೆಂಪು ಬಣ್ಣ, ಒಂದೂ ಬಾಯಿ ಬಿಡಲಿಲ್ಲ. ದೀಕ್ಷಾಳೂ ಒಂದು ತಿಂದು, "ಪರವಾಗಿಲ್ಲ ಅಜ್ಜಿ, ಬ್ರೆಡ್ಡಿಗಿಂತ ಚಂದ ಉಂಟು" ಎಂದಳು. ದೊಡ್ಡ ಬಿಳಿ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, ಬದಿಯಲ್ಲಿ ನಿಂಬೆಹಣ್ಣಿನ ಹೋಳು, ದುಂಡಗೆ ಹೆಚ್ಚಿದ ಈರುಳ್ಳಿ ಇಟ್ಟೆ. ಅದನ್ನು ಯಾರೂ ಹೇಳಿರಲಿಲ್ಲ. ಅದೂ ಕೈಯ ಅಭ್ಯಾಸವೇ.

ತಟ್ಟೆ ಹಿಡಿದು ದೀಕ್ಷಾ ಹಾಲಿಗೆ ಹೋದದ್ದೂ ಯಲ್ಲವ್ವ ಬಟ್ಟೆಯ ಗಂಟು ಹೊತ್ತುಕೊಂಡು ಎದುರು ಬಂದದ್ದೂ ಒಂದೇ ಆಯಿತು. ಯಲ್ಲವ್ವ ತಟ್ಟೆ ನೋಡಿದಳು. ನಿಂಬೆಹಣ್ಣು ನೋಡಿದಳು. ಬಟ್ಟೆ ಅಲ್ಲೇ ಬಿಟ್ಟು, ಸೋಫಾದಲ್ಲಿ ಕುಳಿತಿದ್ದ ಹಿರಿಯಮ್ಮನ ಕಡೆ ಓಡಿದಳು. "ಅಮ್ಮಾರ, ಮುಟ್ಟಬ್ಯಾಡ್ರಿ! ಮೀನ ಐತ್ರಿ ಅದು! ರವಾ ಹಚ್ಚಿ ಕರದಾರ. ನಮ್ಮ ಓಣ್ಯಾಗ ದಿನಾ ನೋಡತೀನ್ರಿ ನಾ!"

ಹಿರಿಯಮ್ಮ ಅಂದರೆ ಅಪರ್ಣಾ ಮೇಡಂ ಅವರ ಅತ್ತೆ, ಸುಮತಿಯಮ್ಮ. ಹುಟ್ಟುಹಬ್ಬಕ್ಕೆಂದು ಕಾರ್ಕಳದಿಂದ ಬಂದವರು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಹಾಲಿನಲ್ಲಿ ಇಪ್ಪತ್ತು ಜನ ಇದ್ದರು. ತಟ್ಟೆಯ ಕಡೆ ಚಾಚಿದ್ದ ಕೈಗಳೆಲ್ಲ ಒಟ್ಟಿಗೆ ಹಿಂದೆ ಹೋದವು.

"ಅಪರ್ಣಾ, ಎಂತದು ಇದು? ಮನೆಯೊಳಗೆ ಮೀನಾ?"

"ಅಲ್ಲ ಅತ್ತೆ, ಪಾಲಕ್, ಪನೀರು..." ಎಂದರು ಮೇಡಂ. ಅವರ ದನಿಯೂ ಗಟ್ಟಿ ಇರಲಿಲ್ಲ. ಅವರೂ ತಟ್ಟೆಯನ್ನೇ ನೋಡುತ್ತಿದ್ದರು.

"ಪಾಲಕಿಗೆ ಬಾಲ ಉಂಟಾ?"

ನಾನು ಅಡುಗೆ ಮನೆಯ ಬಾಗಿಲಿಗೆ ಬಂದು ನೋಡಿದೆ. ದೂರದಿಂದ ನೋಡುವಾಗ ನನಗೂ ಗೊತ್ತಾಯಿತು. ಅರ್ಧ ಚಂದ್ರದ ಮೈ, ನಡುವೆ ಉಬ್ಬಿದ ಹೊಟ್ಟೆ, ಕೊನೆಗೆ ಚಿವುಟಿದ ಬಾಲ, ಮೇಲೆ ಕೆಂಪು ರವೆ, ಬದಿಗೆ ಈರುಳ್ಳಿ. ಸಾಲಾಗಿ ಮಲಗಿದ ಮಾಂಜಿ ಮೀನಿನ ಮರಿಗಳು. ಸಂತೆಯಲ್ಲಿ ಇಟ್ಟಿದ್ದರೆ ನಾನೇ ಚೌಕಾಸಿ ಮಾಡುತ್ತಿದ್ದೆ. ಸುಮ್ಮನಿರಬೇಕಿತ್ತು. "ಬಾಲ ನಾನು ಮಾಡಿದ್ದು" ಎಂದೆ.

ಸುಮತಿಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಯಾರು?"

"ಈ ಹುಡುಗಿಯ ಅಜ್ಜಿ. ಕಾಪು."

"ಎಂತ ಮಾಡಿಕೊಂಡಿದ್ದೀರಿ?"

"ಈಗ ಎಂತದೂ ಇಲ್ಲ. ಮೊದಲು ಮೀನು ಮಾರ್ತಿದ್ದೆ."

ದೀಕ್ಷಾಳ ಮುಖ ಐಸಿನಲ್ಲಿಟ್ಟ ಹಾಗೆ ಬೆಳ್ಳಗಾಯಿತು. ಯಲ್ಲವ್ವ, "ನಾ ಹೇಳಲಿಲ್ಲೇನ್ರಿ?" ಎಂದು ಸುತ್ತಲೂ ನೋಡಿದಳು. ದೀಕ್ಷಾ ಒಂದನ್ನು ಮುರಿದು ಒಳಗಿನ ಹಸಿರು ತೋರಿಸಿದಳು. "ನೋಡಿ ಅಮ್ಮಾ, ಬರೀ ಸೊಪ್ಪು. ದೇವರಾಣೆ" ಎಂದಳು. ಸುಮತಿಯಮ್ಮ ಕನ್ನಡಕ ಏರಿಸಿ ನೋಡಿ, "ಅದರಲ್ಲಿ ಸೊಪ್ಪು ಉಂಟು. ಉಳಿದದ್ದರಲ್ಲಿ?" ಎಂದರು. ಮತ್ತೆ ನನ್ನ ಕಡೆ ತಿರುಗಿ, "ನಿಮ್ಮ ಮನೆಯಲ್ಲಿ ಮೀನು ಮಾಡುವುದಿಲ್ವಾ?" ಎಂದು ಕೇಳಿದರು.

"ಮಾಡದೆ? ದಿನಾ ಮಾಡ್ತೇವೆ. ಇವತ್ತು ಮಾತ್ರ ಇಲ್ಲ. ಇವಳು ತರ್ಲಿಕ್ಕೆ ಬಿಡ್ಲಿಲ್ಲ."

ದೀಕ್ಷಾ ನನ್ನನ್ನು ನೋಡಿದ ನೋಟದಲ್ಲಿ ನಂದಿಕೂರಿನ ವ್ಯಾನು ಕಾಣುತ್ತಿತ್ತು. ಅವಳು ಇನ್ನೊಂದು ಆಣೆ ಹಾಕಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದೆ. ಇದು ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲಿ ಕಲಿಸುವ ವಿಷಯವಲ್ಲ. ಗಿರಾಕಿ ಮೀನಿನ ಕಿವಿರು ಎತ್ತಿ ನೋಡಿ, ಮೂಗು ಮುರಿದು, ಇದು ತಾಜಾ ಅಲ್ಲ ಎಂದಾಗ ಆಣೆ ಹಾಕಿದರೆ ವ್ಯಾಪಾರ ಮುಗಿದ ಹಾಗೆ. ಆಣೆ ಹಾಕಿದಷ್ಟೂ ಮೀನು ಹಳತಾಗುತ್ತದೆ. ಮಾಡಬೇಕಾದದ್ದು ಒಂದೇ: ಬುಟ್ಟಿಗೆ ಬಟ್ಟೆ ಮುಚ್ಚಿ, ತಲೆಯ ಮೇಲಿನ ಸಿಂಬಿ ಸರಿಮಾಡಿಕೊಂಡು, ಎದ್ದು ಹೊರಡುವುದು. ತಿರುಗಿ ನೋಡಬಾರದು. ಹತ್ತು ಹೆಜ್ಜೆಯೊಳಗೆ ಹಿಂದಿನಿಂದ ಕರೆಯದ ಗಿರಾಕಿಯನ್ನು ನಾನು ಮೂವತ್ತು ವರ್ಷದಲ್ಲಿ ಕಂಡಿಲ್ಲ.

ಹಾಗಾಗಿ ತಟ್ಟೆಯ ಮೇಲೆ ಸೆರಗಿನ ತುದಿ ಮುಚ್ಚಿ ಕೈಗೆತ್ತಿಕೊಂಡೆ. "ಬೇಡದವರಿಗೆ ಕೊಡ್ಲಿಕ್ಕೆ ನಾವು ಬರ್ಲಿಲ್ಲ. ಗೆರಸೆ ತಕ್ಕೊ ಮಗಾ, ಹೋಗುವ" ಎಂದು ಹೊರಟೆ. ಒಂದೇ ತೊಂದರೆ, ಆ ಫ್ಲಾಟಿನಲ್ಲಿ ಸೋಫಾದಿಂದ ಬಾಗಿಲಿಗೆ ಏಳೇ ಹೆಜ್ಜೆ. ಕಾರ್ಕಳದ ಬೀದಿಯ ಉದ್ದ ಮಣಿಪಾಲದ ಹಾಲಿಗೆ ಎಲ್ಲಿಂದ ಬರಬೇಕು? ಮಂಡಿ ನೋವಿನ ನೆಪದಲ್ಲಿ ಅರ್ಧರ್ಧ ಹೆಜ್ಜೆ ಇಟ್ಟೆ. ಆದರೂ ಬಾಗಿಲು ಬಂದುಬಿಟ್ಟಿತು. ಯಾರೂ ಕರೆಯಲಿಲ್ಲ. ಲಿಫ್ಟಿನ ಎದುರು ನಿಂತೆ, ಕರೆಯಲಿಲ್ಲ. ದೀಕ್ಷಾಳೂ ಬರಲಿಲ್ಲ, ಒಳಗೇ ಗೊಂಬೆಯ ಹಾಗೆ ನಿಂತಿದ್ದಳು. ಬೇರೆ ದಾರಿ ಕಾಣದೆ, ಬೀದಿಯಲ್ಲಿ ಕೂಗುವ ನನ್ನ ಹಳೇ ಸ್ವರ ತೆಗೆದು, "ದೀಕ್ಷಾಆಆ... ಬಾಆಆ!" ಎಂದು ಒಂದು ಕೂಗು ಹಾಕಿದೆ. ಎರಡು ಬಲೂನು ಒಡೆದವು ಎಂದು ಆಮೇಲೆ ದೀಕ್ಷಾ ಹೇಳಿದಳು. ಅದು ಮಕ್ಕಳು ಒಡೆದದ್ದು, ನಾನಲ್ಲ.

"ನಿಲ್ಲಿ!" ಎಂದಿತು ಒಳಗಿನಿಂದ ಸುಮತಿಯಮ್ಮನ ದನಿ. ಗೋಡೆ ಹಿಡಿದುಕೊಂಡು ಅವರೇ ಬಾಗಿಲಿಗೆ ಬಂದರು. "ಈ ಸ್ವರ ನಂಗೆ ಗೊತ್ತುಂಟು. ನೀವು ಕಾರ್ಕಳದಲ್ಲಿ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಬರ್ತಿದ್ದವರಲ್ವಾ? ಕೆರೆಯ ಹಿಂದೆ, ಇಳಿಜಾರು ರಸ್ತೆ."

"ಹೌದು. ನೀವು ಯಾವ ಮನೆ?"

"ಮೂರನೇದು."

"ಹಸಿರು ಕಿಟಕಿಯದ್ದಾ? ನಾನು ಕೂಗಿದ ಕೂಡ್ಲೇ ಧಡ್ ಅಂತ ಕಿಟಕಿ ಹಾಕ್ತಿದ್ದದ್ದು ನೀವಾ?"

"ಮತ್ತೆ? ನಿಮ್ಮ ಹಿಂದೆ ಊರಿನ ಬೆಕ್ಕೆಲ್ಲ ಬರ್ತಿತ್ತು ಮಾರಾಯ್ತಿ, ಎಲ್ಲ ನಮ್ಮ ಅಡುಗೆ ಮನೆಗೆ ನುಗ್ಗುತ್ತಿತ್ತು!"

"ಬೆಕ್ಕಿಗೆ ನಾನು ಎಂತ ಮಾಡ್ಲಿ? ಅವಕ್ಕೆ ನಾನು ಬರಹೇಳಿದ್ದಲ್ಲ."

ಸುಮತಿಯಮ್ಮ ನಕ್ಕರು. ಅವರು ನಕ್ಕದ್ದೇ ಹಾಲಿನಲ್ಲಿ ಎಲ್ಲರಿಗೂ ಉಸಿರು ಬಂತು. "ಎದುರಿನ ಮನೆಯವರು ನಿಮ್ಮ ಹತ್ರವೇ ತಕ್ಕೊಳ್ತಿದ್ರು. ನಿನ್ನೆಯ ಮೀನಾದ್ರೆ ನಿನ್ನೆಯದ್ದು ಅಂತ್ಲೇ ಹೇಳ್ತಾಳೆ, ಸುಳ್ಳು ಹೇಳುವ ಹೆಂಗಸಲ್ಲ ಅಂತಿದ್ರು" ಎಂದರು. ನನ್ನ ಸೆರಗು ಸರಿಸಿ ತಟ್ಟೆ ನೋಡಿದರು. "ನೀವೇ ಹೇಳಿ. ಇದ್ರಲ್ಲಿ ಮೀನು ಉಂಟಾ?"

"ಇಲ್ಲ. ಇದ್ದಿದ್ರೆ ರುಚಿ ಇರ್ತಿತ್ತು" ಎಂದೆ.

"ಇನ್ನು ಮುಂದೆ ಆರ್ಡರ್ ತಕ್ಕೊಂಡ ದಿನ ಮನೆಯಲ್ಲಿ ಮೀನು ಮಾಡುವುದಿಲ್ಲ ಅಂತ ಮಾತು ಕೊಡ್ತೀರಾ?"

ಗಿರಾಕಿ ಕರೆದ ಮೇಲೆ ಮಾತು ಉದಾರವಾಗಿ ಬರುತ್ತದೆ. ಅದು ಆ ಉದ್ಯೋಗದ ದೋಷ. "ಮಾಡುವುದೆಂತ, ಆರ್ಡರ್ ಇದ್ದ ದಿನ ಮೀನು ನಮ್ಮ ಮನೆ ಮೆಟ್ಟಿಲೇ ಹತ್ತುವುದಿಲ್ಲ. ಇದು ನನ್ನ ಮಾತು" ಎಂದುಬಿಟ್ಟೆ.

ಅಷ್ಟರಲ್ಲಿ ಹುಟ್ಟುಹಬ್ಬದ ಮಗು, ದೀಕ್ಷಾ ಮುರಿದು ತೋರಿಸಿದ ತುಂಡನ್ನು ತಿಂದು ಮುಗಿಸಿ, "ಅಜ್ಜಿ, ಇನ್ನೊಂದು" ಎಂದು ನನ್ನ ಸೆರಗು ಎಳೆಯಿತು. ಆಮೇಲೆ ತಟ್ಟೆ ಖಾಲಿಯಾಗಲು ಹೊತ್ತು ಬೇಕಾಗಲಿಲ್ಲ. ನೂರಾ ಇಪ್ಪತ್ತರಲ್ಲಿ ಬಾಲ ಮುರಿದ ಎರಡು ಉಳಿದವು. ಯಲ್ಲವ್ವ ಅವನ್ನು ಮೂಸಿ ನೋಡಿ ಬಾಯಿಗೆ ಹಾಕಿಕೊಂಡು, "ಮೀನಲ್ಲ ಬಿಡ್ರಿ. ಖರೇ ಹೇಳಬೇಕಂದ್ರ, ಮೀನಿದ್ರ ಚಲೋ ಇತ್ತು" ಎಂದಳು. ಆ ಮನೆಯಲ್ಲಿ ನನ್ನ ನಾಲಿಗೆಗೆ ಸರಿಸಮ ಇದ್ದವಳು ಅವಳೊಬ್ಬಳೇ.

ನಾವು ಹೊರಡುವಾಗ ಸುಮತಿಯಮ್ಮ ನನ್ನನ್ನು ಬಾಲ್ಕನಿಗೆ ಕರೆದರು. ಐದು ತಿಂದಿದ್ದರು, ನಾನು ನೋಡಿದ್ದೆ. ಹಿಂದೆ ಮುಂದೆ ನೋಡಿ ಸಣ್ಣ ದನಿಯಲ್ಲಿ ಕೇಳಿದರು: "ಎದುರಿನ ಮನೆಯಲ್ಲಿ ಮಧ್ಯಾಹ್ನ ಕರಿಯುವಾಗ ಪರಿಮಳ ಬರ್ತಿತ್ತು. ಎಷ್ಟು ವರ್ಷ ಆ ಪರಿಮಳ ಕುಡಿದಿದ್ದೇನೆ. ಹೇಳಿ ನೋಡುವ, ತಿನ್ಲಿಕ್ಕೆ ಮೀನು ಹೀಗೇ ಇರ್ತದಾ?"

ನನ್ನ ನಾಲಿಗೆಯ ತುದಿಗೆ ಬಂದದ್ದು ಬೇರೆ. ಕಾದ ಕಾವಲಿಯ ಮೇಲಿನ ಮಾಂಜಿ ಎಲ್ಲಿ, ಈ ಸೊಪ್ಪಿನ ಮುದ್ದೆ ಎಲ್ಲಿ! ದೀಕ್ಷಾ ಹಿಂದಿನಿಂದ ನನ್ನ ಕಾಲ್ಬೆರಳು ಮೆಟ್ಟಿದಳು. "ಸುಮಾರು ಹೀಗೇ" ಎಂದೆ. ಸುಮತಿಯಮ್ಮನ ಮುಖದಲ್ಲಿ ಕಂಡ ಸಮಾಧಾನ ನೋಡಿ, ಮೂವತ್ತು ವರ್ಷ ಸತ್ಯ ಹೇಳಿ ನಾನು ಕಳೆದುಕೊಂಡ ಗಿರಾಕಿಗಳು ಎಷ್ಟಿರಬಹುದು ಎಂದು ಯೋಚನೆ ಬಂತು.

ಸೋಮವಾರ ದೀಕ್ಷಾ ನಂದಿಕೂರಿಗೆ ಫೋನು ಮಾಡಿ ಬರುವುದಿಲ್ಲ ಎಂದಳು. ಹರೀಶ ತಲೆಯಾಡಿಸಿ ಮಲ್ಪೆಗೆ ಹೊರಟ. ಅವನ ಇಂಜಿನ್ ಸ್ಟಾರ್ಟ್ ಆಗಿತ್ತು. ಮುಂದಿನ ವಾರ ಆ ಕಟ್ಟಡದಿಂದ ಎರಡು ಆರ್ಡರ್ ಬಂತು. ಅದರ ಮುಂದಿನ ವಾರ ಸುಮತಿಯಮ್ಮ ಕಾರ್ಕಳದಿಂದ ಫೋನು ಮಾಡಿದರು: ತಮ್ಮ ಭಜನೆಯ ಹೆಂಗಸರಿಗೆ ಎಂಬತ್ತು ಬೇಕು. ದೀಕ್ಷಾ ಆಗಲೇ ಬ್ರೆಡ್ ಪುಡಿಯನ್ನು ಡಬ್ಬದಲ್ಲಿ 'ಕೋಳಿಗಲ್ಲ' ಎಂದು ಚೀಟಿ ಅಂಟಿಸಿ ಇಟ್ಟಿದ್ದಳು. "ಬ್ರೆಡ್ಡಿನದ್ದು ಮಾಡಿ ಕೊಡುವುದಾ ಅಮ್ಮಾ?" ಎಂದು ಕೇಳಿದರೆ, "ಛೇ, ಬೇಡ. ರವೆಯದ್ದೇ ಬೇಕು. ಬಾಲ ಮರೀಬೇಡಿ" ಎಂದರು.

ಹೀಗೆ ವಾರಕ್ಕೆ ಒಂದಿದ್ದ ಆರ್ಡರ್ ಎರಡಾಗಿ, ಈಗ ಶುಕ್ರವಾರ, ಶನಿವಾರ, ಭಾನುವಾರ ಮೂರೂ ದಿನ ನಮ್ಮ ಮನೆಯಲ್ಲಿ ಹಿಟ್ಟು ನಾದುವ ಸದ್ದು. ಮೂರು ದಿನ ಮೀನಿಲ್ಲ. ಅಗ್ಗಕ್ಕೆ ಬೂತಾಯಿ ಮೀನು ಸಿಗುವುದೂ ಈ ಮೂರು ದಿನವೇ. ಹರೀಶ ಕಳೆದ ಶನಿವಾರ ಮಲ್ಪೆಯಿಂದ ಚೀಲ ತುಂಬಾ ಬಂಗುಡೆ ತಂದು ಅಂಗಳದಲ್ಲಿ ನಿಂತ. ಸುಜಾತ ಬಾಗಿಲಿಗೆ ಅಡ್ಡ ನಿಂತು, "ಮಾತು ಕೊಟ್ಟವರನ್ನು ಕೇಳಿ" ಎಂದಳು. ಅವನು ನನ್ನನ್ನು ನೋಡಿದ. ನಾನು ಪಾಲಕ್ ಹಿಂಡುತ್ತಿದ್ದೆ. ಕೊನೆಗೆ ಚೀಲವನ್ನು ಪಕ್ಕದ ಮನೆಯ ಲೀಲಕ್ಕನಿಗೆ ಕೊಟ್ಟು ಬಂದ.

ಹನ್ನೆರಡು ಗಂಟೆಗೆ ಲೀಲಕ್ಕ ಕರಿಯಲು ಶುರುಮಾಡಿದಳು. ನಾನು ಎಂಬತ್ತನೆಯ ಬಾಲ ಚಿವುಟಿ, ಕೈ ತೊಳೆದು, ಸುಮ್ಮನೆ ಅಂಗಳಕ್ಕಿಳಿದು ಅಲ್ಲಿಗೆ ಹೋದೆ. ಮೀನು ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿದ್ದೆ, ನಾನು ಇಳಿಯುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಮೂರು ಬಂಗುಡೆ ತಿಂದು, ಬಾಯಿ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಮರಳಿ ಬಂದೆ. ದೀಕ್ಷಾ ಮೆಟ್ಟಿಲ ಮೇಲೆ ಸಟ್ಟುಗ ಹಿಡಿದು ನಿಂತಿದ್ದಳು.

"ಅಜ್ಜಿ, ಹೊಟ್ಟೆಯೊಳಗೆ ಉಂಟಲ್ಲ, ಅದು ಈಗ ಮೆಟ್ಟಿಲು ಹತ್ತುವುದಿಲ್ವಾ?"

ಮಾತು ನನ್ನದೇ, ಮೆಟ್ಟಿಲಿಗೆ ಇಟ್ಟ ಕಾಲನ್ನು ಹಿಂದೆ ತೆಗೆದೆ. ಆದ್ದರಿಂದ ಈಗ ವಾರಕ್ಕೆ ಮೂರು ದಿನ ಬಾಲ ಚಿವುಟಿ ಮುಗಿಸಿದ ಮೇಲೆ ನಾನು ಲೀಲಕ್ಕನ ಮನೆಗೆ ಹೋಗುತ್ತೇನೆ. ಆರ್ಡರ್ ಹೊತ್ತ ರಿಕ್ಷಾ ಮಣಿಪಾಲದ ಕಡೆ ಹೊರಟ ಮೇಲೆಯೇ ನನಗೆ ನನ್ನ ಮನೆಗೆ ಪ್ರವೇಶ. ಇದನ್ನೂ ಲೀಲಕ್ಕನ ಜಗಲಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಇವತ್ತು ಆರ್ಡರ್ ದೊಡ್ಡದು, ರಿಕ್ಷಾ ಐದಕ್ಕಂತೆ. ಲೀಲಕ್ಕ ಆಗಲೇ ಎರಡು ಸಲ ಬಂದು, "ನಿಮ್ಗೆ ಮನೆಯಲ್ಲಿ ಎಂತ, ಜಗಳವಾ?" ಎಂದು ಕೇಳಿ ಹೋದಳು.